ಕೆಲ್ಲರಿನಲ್ಲಿದ್ದ ಚಿನ್ನದ ಆಮೆ

ಪುಟ್ಟಿ, ಚಿನ್ನು,

ಇದು ನಿಮ್ಮಿಬ್ಬರಿಗೆ ಬರೆದದ್ದು. ಓದುವಾಗ ತಡವರಿಸಿದರೆ ನಿಮ್ಮ ಅಮ್ಮನ ಹತ್ತಿರ ಓದಿಸಿಕೊಳ್ಳಿ. ನನ್ನ ಜರ್ಮನ್ ಅಂಗಡಿಗೆ, ಡಾಕ್ಟರಿಗೆ, ಬಸ್ಸಿಗೆ ಸಾಕು, ಬರೆಯುವುದಕ್ಕೆ ಸಾಲದು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡವೇ ನನಗೆ ಕೈಗೆ ಬರುವುದು. ಎದ್ದು ನಿಂತು ಉತ್ತರ ಹೇಳು ಎಂದರೆ ಬಾಯಿ ಒಣಗುತ್ತಿತ್ತು. ಸ್ಲೇಟಿನ ಮೇಲೆ ಬರೆದು ತೋರಿಸು ಎಂದರೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ.

ಹೋದ ಸಲ ಬಂದಾಗ ಪುಟ್ಟಿ ಎರಡು ಪ್ರಶ್ನೆ ಕೇಳಿದಳು. ಕಪ್ಪು ಪೆಟ್ಟಿಗೆಯ ಮೇಲಿನ ಆಮೆಗೆ ಎಮ್ಮೆಗಿರುವಷ್ಟು ಉದ್ದ ಬಾಲ ಯಾಕೆ? ಇಷ್ಟು ಚೆಂದದ ಪೆಟ್ಟಿಗೆಯನ್ನು ನಾವು ಚಿಕ್ಕವರಿದ್ದಾಗ ಯಾಕೆ ಒಂದು ದಿನವೂ ನೋಡಲಿಲ್ಲ? ಮೊದಲನೆಯದಕ್ಕೆ ಅಲ್ಲೇ ಉತ್ತರ ಹೇಳಿದೆ. ಎರಡನೆಯದಕ್ಕೆ ಕೂತು ಬರೆಯಬೇಕಾಯಿತು.

ನಿಮ್ಮ ತಾತ ಇಲ್ಲಿ ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ನಾನು ಬಂದದ್ದು ಈಗಿರುವ ಇದೇ ಮನೆಗೆ, ಮೂರನೇ ಮಹಡಿಗೆ. ನೆಲದ ಮಹಡಿಯಲ್ಲಿ ನೀವು ಓಮಾ ಎಂದು ಕರೆಯುವ ಅಜ್ಜಿ ಇದ್ದರು. ಆಗ ಅವರು ಅಜ್ಜಿಯಲ್ಲ, ಐವತ್ತು ದಾಟಿದ್ದ ಗಟ್ಟಿ ಹೆಂಗಸು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಲ್ಲಿ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಬೇಕು; ಆ ಸರದಿಯ ಹಲಗೆ ನಮ್ಮ ಬಾಗಿಲಿಗೆ ಬಂದ ಮೊದಲ ವಾರವೇ ಅವರ ಪರಿಚಯವಾಯಿತು. ನಾನು ಊರಿನ ಹಾಗೆ ಬಕೆಟ್ ನೀರು ಹುಯ್ದು ಮೆಟ್ಟಿಲು ತೊಳೆದೆ. ನೀರು ಇಳಿದು ಅವರ ಬಾಗಿಲ ಕೆಳಗೆ ನುಗ್ಗಿತು. ಬಾಗಿಲು ತೆರೆದು ನನ್ನನ್ನೂ ಬಕೆಟ್ಟನ್ನೂ ನೋಡಿ, ಬೈಯದೆ ಒಂದು ಹಿಂಡಿದ ಬಟ್ಟೆ ತಂದು ಕೈಗೆ ಕೊಟ್ಟು, ಮೊಣಕಾಲೂರಿ ನನ್ನ ಜೊತೆ ಒರೆಸಿದರು. ಅವತ್ತಿನಿಂದ ನನ್ನನ್ನು 'ಮೇಡ್ಲೆ' ಎಂದು ಕರೆದರು. ಈ ಕಡೆಯ ಮಾತಿನಲ್ಲಿ ಹುಡುಗಿ ಅಂತ. ನನ್ನ ಕೂದಲು ಬೆಳ್ಳಗಾದ ಮೇಲೂ ಮೇಡ್ಲೆಯೇ.

ನಿಮ್ಮ ಅಮ್ಮ ಹುಟ್ಟಿದಾಗ ನನ್ನ ತಾಯಿಗೆ ಬರಲಾಗಲಿಲ್ಲ. ಬಾಣಂತನ ಮಾಡಿದ್ದು ಓಮಾ. ಅವರಿಗೆ ಮೆಣಸಿನ ಸಾರು, ಬೆಳ್ಳುಳ್ಳಿ ಗೊತ್ತಿಲ್ಲ. ನನಗೆ ಅವರ ಸೋಂಪಿನ ಚಹಾ ಗೊತ್ತಿಲ್ಲ. ಇಬ್ಬರೂ ಕೈಸನ್ನೆಯಲ್ಲಿ ಜಗಳವಾಡಿ ಎರಡನ್ನೂ ಕುಡಿದೆವು. ಮಗುವಿಗೆ ತೊಟ್ಟಿಲ ಶಾಸ್ತ್ರ ಮಾಡಿದ ದಿನ ತೊಟ್ಟಿಲು ಇರಲಿಲ್ಲ. ತಾತ ಬಟ್ಟೆ ಒಗೆಯುವ ಬುಟ್ಟಿಗೆ ಹೂವು ಕಟ್ಟಿದ್ದರು. ಓಮಾ ಮಂಡಿನೋವಿನಲ್ಲೂ ಮೂರು ಮಹಡಿ ಹತ್ತಿ, ಹಳೇ ಪೇಪರಿನಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ಮಗುವಿನ ಕಾಲ ಬಳಿ ಇಟ್ಟರು.

ಆ ಪೆಟ್ಟಿಗೆ ನನಗೆ ಹೊಸದಲ್ಲ. ಅವರ ಮನೆಯ ಕಪಾಟಿನ ಮೇಲೆ ಜೋಡಿಯಾಗಿ ಎರಡಿದ್ದವು. ಹಡಗಿನಲ್ಲಿ ಇಂಜಿನಿಯರಾಗಿದ್ದ ಅವರ ಅಪ್ಪ ಜಪಾನಿನಿಂದ ತಂದದ್ದು. ಚಿಕ್ಕದು ಬರೆಯುವ ಸಾಮಾನಿಗೆ, ಕುಂಚ ಮತ್ತು ಮಸಿ ತೇಯುವ ಕಲ್ಲು ಇಡಲು. ದೊಡ್ಡದು ಬರೆದ ಕಾಗದ ಇಡಲು. ಎರಡೂ ಕಪ್ಪು, ಆದರೆ ನಮ್ಮ ಬಾಂಡ್ಲಿಯ ಕಪ್ಪಲ್ಲ, ಬಾವಿಯೊಳಗೆ ಇಣುಕಿದಾಗ ಕಾಣುವ ಕಪ್ಪು. ಮುಟ್ಟಿದರೆ ಗಾಜಿನ ಹಾಗೆ ತಣ್ಣಗಿರುವುದಿಲ್ಲ. ಚಿಕ್ಕದರ ಮುಚ್ಚಳದಲ್ಲಿ ಚಿನ್ನದ ಬಣ್ಣದ ಉದ್ದ ಕಾಲಿನ ಹಕ್ಕಿಗಳು ಹಾರುತ್ತಿದ್ದವು. ದೊಡ್ಡದರ ಮುಚ್ಚಳದಲ್ಲಿ ಅಲೆ, ದಡದಲ್ಲಿ ಪೈನ್ ಮರ, ಮರದ ಕೆಳಗೆ ಆಮೆ. ಒಳಗೆಲ್ಲ ಚಿನ್ನದ ಪುಡಿ, ಯಾರೋ ಕತ್ತಲೆಗೆ ಅರಿಶಿನ ಉದುರಿಸಿದ ಹಾಗೆ.

ಓಮಾ ಮಗುವಿಗೆ ಕೊಟ್ಟದ್ದು ದೊಡ್ಡದನ್ನು, ಆಮೆಯದನ್ನು.

ಅರ್ಥವನ್ನೂ ಅವರೇ ಹೇಳಿದರು, ತಾತ ನನಗೆ ಕನ್ನಡದಲ್ಲಿ ಬಿಡಿಸಿದರು. ಜಪಾನಿನವರ ಲೆಕ್ಕದಲ್ಲಿ ಆ ಹಕ್ಕಿಯ ಆಯಸ್ಸು ಸಾವಿರ ವರ್ಷ, ಆಮೆಯದು ಹತ್ತು ಸಾವಿರ. ಬಾಲದ ಹಾಗೆ ಕಾಣುವುದು ಬಾಲವಲ್ಲ, ಪಾಚಿ. ಅಷ್ಟು ಕಾಲ ನೀರಿನಲ್ಲಿ ಬದುಕಿದ ಆಮೆಯ ಬೆನ್ನಿನ ಮೇಲೆ ಪಾಚಿ ಬೆಳೆದು ಹಿಂದೆ ತೇಲುತ್ತದೆ. ಪೈನ್ ಮರ ಚಳಿಯಲ್ಲೂ ಹಸಿರು. ಮುಚ್ಚಳದ ಒಳಮೈಯಲ್ಲಿ ಬಿದಿರೂ ಪ್ಲಮ್ ಹೂವೂ ಇವೆ. ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಪ್ಲಮ್ ಹಿಮ ಇರುವಾಗಲೇ ಹೂ ಬಿಡುತ್ತದೆ. ಮೂರೂ ಚಳಿಗಾಲದ ಗೆಳೆಯರಂತೆ. "ಮಗುವಿಗೆ ಇದಕ್ಕಿಂತ ಒಳ್ಳೇದು ನನ್ನ ಹತ್ತಿರ ಇಲ್ಲ," ಎಂದರು ಓಮಾ.

ನನಗೆ ಮಾತ್ರ ನನ್ನ ಅಜ್ಜಿಯ ಮಾತು ಕಿವಿಯಲ್ಲಿ ಕೂತಿತ್ತು. 'ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರವಾಗುವುದಿಲ್ಲ.' ಅಮೀನ ಎಂದರೆ ಕೋರ್ಟಿನಿಂದ ಜಪ್ತಿಗೆ ಬರುವವನು. ನಮ್ಮೂರಿನಲ್ಲಿ ಕೆರೆ ತುಂಬಿದಾಗ ಗದ್ದೆಯಿಂದ ಆಮೆ ಹಟ್ಟಿಯ ಹತ್ತಿರ ಬಂದರೆ ಗಂಡಸರು ಎತ್ತಿಕೊಂಡು ಹೋಗಿ ಮತ್ತೆ ನೀರಿಗೆ ಬಿಡುತ್ತಿದ್ದರು, ಹೊಡೆಯುತ್ತಿರಲಿಲ್ಲ. ಆದರೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಈಗ ಹಸುಗೂಸಿನ ಕಾಲ ಬಳಿಯೇ ಆಮೆ ಬಂದು ಕೂತಿತ್ತು.

ಹಕ್ಕಿಯ ಪೆಟ್ಟಿಗೆ ಕೊಡಿ ಎಂದು ಕೇಳಬಹುದಿತ್ತು. ಬಾಯಿ ಬರಲಿಲ್ಲ. ಡಾಂಕೆ, ಉಪಕಾರವಾಯಿತು, ಎಂದಷ್ಟೇ ಹೇಳಿದೆ. ಅವರು ಕೆಳಗಿಳಿದು ಹೋದ ಮೇಲೆ ತಾತನಿಗೆ ಹೇಳಿದೆ.

ತಾತ ನಕ್ಕರು. "ಅಲ್ಲ ಕಣೇ, ನಿಮ್ಮೂರ ಆಮೆಗೆ ಜಪಾನಿನಲ್ಲಿ ನೆಂಟರಿದ್ದಾರೇನು? ಇದು ಚಿತ್ರದ ಆಮೆ."

"ಚಿತ್ರದ ದೇವರಿಗೆ ಕೈ ಮುಗಿಯಲ್ವಾ ನೀವು?"

ತಾತ ಪೆಟ್ಟಿಗೆ ಎತ್ತಿ ನನ್ನ ಕೈಗೆ ಕೊಟ್ಟರು. "ನಿನ್ನಿಷ್ಟ. ಆದರೆ ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ನೊಂದ್ಕೋತಾರೆ," ಎಂದರು. ನನ್ನ ಒಂದು ಹಳೆಯ ಹತ್ತಿಸೀರೆಯಲ್ಲಿ ಪೆಟ್ಟಿಗೆಯನ್ನು ಸುತ್ತಿ, ಮೇಲೆ ಕಾಗದ ಕಟ್ಟಿ, ಕೆಲ್ಲರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ನಮ್ಮ ಪಾಲಿನ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ ಇಟ್ಟೆ. ಕೆಲ್ಲರ್ ಮನೆಯ ಕೆಳಗಿದ್ದರೂ ಹೊಸ್ತಿಲ ಹೊರಗೆ. ನನ್ನ ಲೆಕ್ಕಕ್ಕೆ ಅಷ್ಟು ಸಾಕಿತ್ತು.

ನಮ್ಮ ಕೆಲ್ಲರ್ ನಿಮಗೆ ಗೊತ್ತಲ್ಲ. ಹಳೇ ಮನೆ, ಮಣ್ಣಿನ ನೆಲ, ಬೇಸಿಗೆಯಲ್ಲೂ ಗೋಡೆ ಬೆವರುತ್ತದೆ. ಆಲೂಗಡ್ಡೆ ಅಲ್ಲಿ ಚೆನ್ನಾಗಿರುತ್ತದೆ, ಬೇರೆ ಏನೂ ಇರುವುದಿಲ್ಲ. ತಾತನ ಒಂದು ಜೊತೆ ಷೂ ಬೂಸ್ಟು ಹಿಡಿದು ಬೆಕ್ಕಿನ ಮರಿಯ ಹಾಗೆ ಬೆಳ್ಳಗಾಗಿತ್ತು.

ಓಮಾ ಆಗಾಗ ಕೇಳುತ್ತಿದ್ದರು, "ಆಮೆ ಹೇಗಿದೆ?"

"ಭದ್ರವಾಗಿದೆ," ಎನ್ನುತ್ತಿದ್ದೆ. ಮಂಡಿನೋವು ಹೆಚ್ಚಾಗಿ ಅವರು ಮೇಲೆ ಹತ್ತುವುದನ್ನು ಬಿಟ್ಟಿದ್ದರು. ಹಾಗಾಗಿ ನೋಡುವ ಪ್ರಸಂಗ ಬರಲಿಲ್ಲ. ಅವರು ಕಾಫಿ ಕುಡಿಯುವ ಮೇಜಿನ ಸರಿಯಾಗಿ ಕೆಳಗೇ ಆಮೆ ಇತ್ತು.

ನಿಮ್ಮ ಅಮ್ಮ ಬೆಳೆದಳು, ಓದಿದಳು, ಮದುವೆಯಾದಳು, ನೀವು ಹುಟ್ಟಿದಿರಿ. ತಾತ ಹೋದರು. ಆಮೆಯನ್ನು ಹೊರಗೆ ಇಟ್ಟಿದ್ದೆ, ಆದರೂ ಬರಬೇಕಾದದ್ದು ಬಂತು. ತಾತನ ತಿಥಿ ಮುಗಿದ ಮೇಲೆ ಒಂದು ದಿನ ಉಪ್ಪಿನಕಾಯಿ ತರಲು ಇಳಿದಾಗ ಆ ಗಂಟನ್ನು ನೋಡುತ್ತ ನಿಂತೆ. ಬಿಚ್ಚಲು ಮನಸ್ಸಾಗಲಿಲ್ಲ. ಇಷ್ಟು ಹೊತ್ತಿಗೆ ಅದು ಕೊಳೆತಿರುತ್ತದೆ ಅನ್ನಿಸಿತು. ಜಾಡಿ ತೆಗೆದುಕೊಂಡು ಹತ್ತಿ ಬಂದೆ.

ಈ ವರ್ಷದ ಮಾರ್ಚಿನಲ್ಲಿ ಓಮಾ ಸ್ನಾನದ ಮನೆಯಲ್ಲಿ ಬಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಒಬ್ಬರೇ ಇರುವುದು ಆಗದು ಎಂದು ಗೊತ್ತಾಯಿತು. ಫ್ಲೆಗೆಹೈಮ್‌ನಲ್ಲಿ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ, ಒಂದು ಕೋಣೆ ಸಿಕ್ಕಿತು. ನೋಡಲು ಅವರ ಜೊತೆ ನಾನೇ ಹೋಗಿದ್ದೆ. ಶುಚಿಯಾಗಿತ್ತು, ಆದರೆ ಬಿಸಿ. ಹೊರಗೆ ಬಿಸಿಲಿದ್ದರೂ ಕೋಣೆ ಕಾಯಿಸುವ ಹೈಟ್ಸುಂಗ್ ಹಚ್ಚಿಟ್ಟಿದ್ದರು. ಕಿಟಕಿಯ ಕುಂಡದಲ್ಲಿನ ಗಿಡ ಹಪ್ಪಳದ ಹಾಗೆ ಒಣಗಿತ್ತು.

ಅಲ್ಲಿಂದ ಬಂದ ದಿನ ಓಮಾ ಕೇಳಿದರು. "ಮೇಡ್ಲೆ, ಬುಧವಾರ ಸಾಮಾನು ಸಾಗಿಸುವವರು ಬರ್ತಾರೆ. ಅದಕ್ಕೆ ಮುಂಚೆ ಆಮೆಯನ್ನ ಒಂದು ಸಲ ಕೆಳಗೆ ತಗೊಂಡು ಬಾ. ಎರಡನ್ನೂ ಒಂದೇ ಮೇಜಿನ ಮೇಲೆ ನೋಡ್ಬೇಕು. ನಮ್ಮಪ್ಪ ಹಾಗೇ ಇಡ್ತಿದ್ದರು."

ಕೆಳಗೆ ತಗೊಂಡು ಬಾ ಎಂದರು. ಅದನ್ನು ಮೇಲೆ ತರಬೇಕಿತ್ತು.

ಮಾರನೆಯ ದಿನ ಕೆಲ್ಲರಿಗೆ ಇಳಿದೆ. ಜಾಡಿಗಳನ್ನು ಸರಿಸಿದೆ. ಮೇಲಿನ ಕಾಗದ ಮುಟ್ಟಿದರೆ ನೆನೆದ ಅವಲಕ್ಕಿಯ ಹಾಗೆ ಕೈಗೆ ಅಂಟಿತು. ಸೀರೆಯ ಮಡಿಕೆಗಳಲ್ಲಿ ಬೂಸ್ಟಿನ ಕಲೆ. ಪ್ರತಿ ಸುತ್ತು ಬಿಚ್ಚುವಾಗಲೂ ಓಮಾನ ಮುಖ ಕಣ್ಣ ಮುಂದೆ. ಅವರು ಈ ಮನೆ ಬಿಡುವ ವಾರ. ಮಗುವಿಗೆ ಕೊಟ್ಟ ಪೆಟ್ಟಿಗೆ ಪುಡಿಯಾಗಿದೆ ಎಂದು ಹೇಳುವುದು ಹೇಗೆ?

ಕಡೆಯ ಸುತ್ತು ಬಿಚ್ಚಿದೆ. ಆಮೆ ನನ್ನ ಮುಖವನ್ನೇ ನೋಡುತ್ತಿತ್ತು. ಕಪ್ಪಿನಲ್ಲಿ ನನ್ನ ಕನ್ನಡಕ ಹೊಳೆಯಿತು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಮುಚ್ಚಳ ಎತ್ತಿದರೆ ಒಳಗಿನ ಗಾಳಿ ಹಿಡಿದೆಳೆದ ಹಾಗೆ ಮೆಲ್ಲಗೆ ಬಂತು. ಒಳಗಿನ ಚಿನ್ನದ ಪುಡಿ ಹಾಗೇ ಇತ್ತು. ಸೆರಗಿನಿಂದ ಒರೆಸಿ, ಅಲ್ಲೇ ಆಲೂಗಡ್ಡೆಯ ಡಬ್ಬದ ಮೇಲೆ ಸ್ವಲ್ಪ ಹೊತ್ತು ಕೂತೆ.

ಓಮಾ ಹಕ್ಕಿಯ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಹತ್ತಿರದಿಂದ ನಾನು ಅದನ್ನು ನೋಡಿ ಬಹಳ ವರ್ಷಗಳಾಗಿದ್ದವು. ಮುಚ್ಚಳ ಸೊಟ್ಟಗಾಗಿ ಒಂದು ಮೂಲೆ ಕೂರುತ್ತಿರಲಿಲ್ಲ. ಒಂದು ಹಕ್ಕಿಯ ಕತ್ತಿನ ಅಡ್ಡಕ್ಕೆ ಉದ್ದ ಬಿರುಕು. ಬಿರುಕಿನ ಅಂಚಿನಲ್ಲಿ ಚಿನ್ನ ಸಿಪ್ಪೆ ಎದ್ದಿತ್ತು. ಬಿರುಕು ಬಂದ ಮೇಲೆ ಕಪಾಟಿನಲ್ಲಿ ಅವರು ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿರುತ್ತಿದ್ದರು.

ನಾನು ಆಮೆಯನ್ನು ಪಕ್ಕದಲ್ಲಿ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಬೆರಳಿನಿಂದ ಸವರಿದರು.

"ಇದು ಹೇಗೆ ಹೀಗಿದೆ? ನಾನು ದಿನಾ ಧೂಳು ಒರೆಸಿದೆ. ನೀನೇನು ಮಾಡಿದೆ?"

"ಏನೂ ಮಾಡ್ಲಿಲ್ಲ."

"ಎಲ್ಲಿ ಇಟ್ಟಿದ್ದೆ?"

ಸುಳ್ಳು ಹೇಳಲು ಜರ್ಮನ್ ಇನ್ನೂ ಚೆನ್ನಾಗಿ ಬರಬೇಕು. "ಕೆಲ್ಲರಿನಲ್ಲಿ," ಎಂದೆ.

"ಕೆಲ್ಲರಾ! ಆಲೂಗಡ್ಡೆ ಜೊತೆ?"

"ಆಲೂಗಡ್ಡೆ ಆ ಕಡೆ. ಇದು ಉಪ್ಪಿನಕಾಯಿ ಕಡೆ."

"ಯಾವಾಗಿನಿಂದ?"

"ಕೊಟ್ಟ ದಿನದಿಂದ."

ಯಾಕೆ ಎಂದು ಕೇಳಿದರು. ಗೊತ್ತಿದ್ದ ಮಾತುಗಳನ್ನೆಲ್ಲ ಕೂಡಿಸಿ ಹೇಳಿದೆ. ನಮ್ಮೂರು, ಆಮೆ, ಹೊಸ್ತಿಲು, ಅಮೀನ. ಅಮೀನನಿಗೆ ಜರ್ಮನ್‌ನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಕೋರ್ಟಿನಿಂದ ಬಂದು ಪಾತ್ರೆ ಹೊರುವ ಮನುಷ್ಯ ಎಂದೆ. ಅವರಿಗೆ ಅರ್ಥವಾಯಿತು. ಮುಖ ಬಿಗಿಯಿತು.

"ನಾನು ಮಗುವಿಗೆ ಆಯಸ್ಸು ಅಂತ ಕೊಟ್ಟೆ. ನೀನು ಕೇಡು ಅಂತ ನೆಲದೊಳಗೆ ಇಟ್ಟೆ," ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಎದ್ದು ಹೋಗಿಬಿಡಲೇ ಎಂದುಕೊಂಡೆ. ಹೋದರೆ ಬುಧವಾರ ಅವರು ಹಾಗೇ ಹೋಗುತ್ತಾರೆ, ಇಷ್ಟು ವರ್ಷ ಮೆಟ್ಟಿಲು ಗುಡಿಸಿದ್ದು, ಸೋಂಪಿನ ಚಹಾ ಕುಡಿದದ್ದು ಎಲ್ಲ ಈ ಒಂದು ಮಾತಿನಲ್ಲಿ ಮುಗಿಯುತ್ತದೆ. ಹಕ್ಕಿಯ ಪೆಟ್ಟಿಗೆಯನ್ನು ನನ್ನ ಕಡೆ ಎಳೆದುಕೊಂಡೆ.

"ಇದನ್ನ ಕೊಟ್ಟಿದ್ದರೆ ದೇವರ ಮುಂದೆ ಇಡ್ತಿದ್ದೆ," ಎಂದೆ. "ನಮ್ಮ ಕಡೆ ಇದು ಕೊಕ್ಕರೆ. ಊರ ಹುಣಸೆಮರದಲ್ಲಿ ಗೂಡು ಕಟ್ಟುತ್ತೆ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅಂತೀವಿ. ಅದು ಬಂದರೆ ಊರಿಗೆ ಒಳ್ಳೇದು. ಕೇಳ್ಬೇಕು ಅಂದ್ಕೊಂಡೆ. ನಾಚಿಕೆ ಆಯ್ತು."

ಓಮಾ ತಿರುಗದೆಯೇ ಹೇಳಿದರು.

"ನಾನೂ ಅವತ್ತು ಅದನ್ನೇ ಕೊಡಬೇಕು ಅಂತಿದ್ದೆ. ಇಲ್ಲಿ ಮನೆಗೆ ಮಕ್ಕಳನ್ನ ತರೋದು ಆ ಥರದ ಹಕ್ಕಿಯೇ ಅಂತಾರೆ, ಶ್ಟೋರ್ಖ್. ಇದು ಶ್ಟೋರ್ಖ್ ಅಲ್ಲ ಅಂತ ಅಪ್ಪ ನೂರು ಸಲ ಹೇಳಿದ್ದರು. ಆದರೂ ಮದುವೆ ಆದಾಗಿನಿಂದ ಅದನ್ನ ಕಣ್ಣಿಗೆ ಕಾಣೋ ಕಡೆ ಇಟ್ಕೊಂಡೆ. ನಿನ್ನ ಮಗು ಹುಟ್ಟಿದಾಗ ಐವತ್ತು ದಾಟಿತ್ತು ನನಗೆ, ಯಾವ ಹಕ್ಕಿಯೂ ಬರೋದಿಲ್ಲ ಅಂತ ಗೊತ್ತಿತ್ತು. ಪೇಪರಿನಲ್ಲಿ ಸುತ್ತಿಯೂ ಇದ್ದೆ. ಕೊಡಕ್ಕೆ ಆಗಲಿಲ್ಲ. ಬಿಚ್ಚಿ ಅದೇ ಪೇಪರಿಗೆ ಆಮೆ ಸುತ್ತಿದೆ."

ಜಪಾನಿನವರು ಆ ಹಕ್ಕಿಯನ್ನು ಬಿಡಿಸಿದ್ದು ಸಾವಿರ ವರ್ಷದ ಆಯಸ್ಸಿಗೆ. ಓಮಾ ಅದನ್ನು ಮಗು ತರುವ ಹಕ್ಕಿ ಮಾಡಿಕೊಂಡಿದ್ದರು, ನಾನು ಹುಣಸೆಮರದ ಮಗಳು ಮಾಡಿಕೊಂಡಿದ್ದೆ. ಹಕ್ಕಿ ಕತ್ತು ಬಿರುಕು ಬಿಟ್ಟುಕೊಂಡು ಇಬ್ಬರ ಮಧ್ಯೆ ಕೂತಿತ್ತು.

ಓಮಾ ಈ ಕಡೆ ತಿರುಗಿ ಬಿರುಕನ್ನು ಬೆರಳಿನಿಂದ ತೋರಿಸಿದರು. "ನೋಡು, ಒಡೆದಿರೋದು ಮೊದಲು ಹೈಟ್ಸುಂಗ್ ಕಡೆಗಿದ್ದ ಬದಿ. ನಾನು ಕೂರಿಸಿಟ್ಟು ಬೇಯಿಸಿಬಿಟ್ಟೆ." ಆಮೇಲೆ ನಕ್ಕರು. "ನಿನ್ನ ಕೇಡೇ ಒಳ್ಳೇದಾಯ್ತು, ಮೇಡ್ಲೆ. ಹಕ್ಕಿ ನೀನು ಇಟ್ಕೊ. ಆಮೆ ನನ್ನ ಜೊತೆ ಬರಲಿ. ಅಲ್ಲಿರೋರೆಲ್ಲ ಮನೆ ಕಳಕೊಂಡು ಬಂದೋರೇ. ಇನ್ನು ಆಮೆ ಹಾಳು ಮಾಡೋಕೆ ಏನಿದೆ?"

ಇಷ್ಟು ವರ್ಷ ಅವರು ಕೊಟ್ಟದ್ದನ್ನೆಲ್ಲ ತೆಗೆದುಕೊಂಡಿದ್ದೆ, ಹೇಳಿದ್ದಕ್ಕೆಲ್ಲ ಯಾ ಎಂದಿದ್ದೆ. ಆ ಒಣಗಿದ ಗಿಡ ನೆನಪಾಯಿತು.

"ನೈನ್, ಬೇಡ," ಎಂದೆ. "ಅಲ್ಲಿ ಬಿಸಿ. ಅಲ್ಲಿ ಇದೂ ಒಡೆಯುತ್ತೆ."

"ಮತ್ತೆ? ವಾಪಸ್ ಉಪ್ಪಿನಕಾಯಿ ಕಡೆಗಾ?"

"ಇಲ್ಲ. ಮೇಲೆ. ನಮ್ಮನೆಗೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊಸ್ತಿಲು ದಾಟಿಸಿ?"

"ದಾಟಿಸಿ."

ಮುಂದಿನದು ನಿಮಗೆ ಗೊತ್ತು, ನೀವೇ ಇದ್ದಿರಿ. ಅದು ಭಾನುವಾರ. ಹೊಸದಾಗಿ ಮನೆಗೆ ಬರುವವರಿಗೆ ಆರತಿ ಎತ್ತಿ ಒಳಗೆ ಕರೆಯುತ್ತೇವೆ. ನಮ್ಮ ಕಡೆ ಗಂಡ ಇಲ್ಲದವಳು ಆರತಿ ಎತ್ತುವುದಿಲ್ಲ. ಅದಕ್ಕೇ ಪುಟ್ಟಿಯನ್ನು ಕರೆದೆ. ಅರಿಶಿನಕ್ಕೆ ಸುಣ್ಣ ಬೇಕು, ಅದು ಸ್ಟುಟ್‌ಗಾರ್ಟಿನಲ್ಲಿ ಎಲ್ಲಿ ಸಿಗಬೇಕು? ಕುಂಕುಮ ಕದಡಿ ಕೆಂಪು ನೀರು ಮಾಡಿದೆ. "ಅಮ್ಮಾ, ಡಬ್ಬಿಗೆ ಆರತಿನಾ?" ಎಂದು ನಿಮ್ಮ ಅಮ್ಮ ತಲೆ ಚಚ್ಚಿಕೊಂಡಳು. ಬಲಗಾಲಿಟ್ಟು ಒಳಗೆ ಬರಬೇಕು ಎಂದು ನಾನು ಹೇಳಿದ್ದಕ್ಕೆ ಚಿನ್ನು ಜರ್ಮನ್‌ನಲ್ಲಿ, ಆಮೆಗೆ ಬಲಗಾಲು ಎರಡಿವೆ, ಮೊದಲು ಯಾವುದು ಎಂದು ಕೇಳಿದ. ಅದಕ್ಕೆ ನನ್ನ ಅಜ್ಜಿಯೂ ಉತ್ತರ ಹೇಳುತ್ತಿರಲಿಲ್ಲ.

ಆಮೇಲೆ ನಿಮ್ಮ ಅಮ್ಮ ಎರಡು ಪೆಟ್ಟಿಗೆಗಳನ್ನೂ ಹಳೇ ವಸ್ತು ಸರಿಮಾಡುವ ಒಬ್ಬ ಹೆಂಗಸಿನ ಹತ್ತಿರ ಒಯ್ದಳು. ನಾನೂ ಹೋಗಿದ್ದೆ. ಈ ಕಪ್ಪು ಬಣ್ಣವಲ್ಲವಂತೆ, ಒಂದು ಮರದ ಹಾಲು. ಹಸಿಯಾಗಿದ್ದಾಗ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ನಮ್ಮೂರಿನ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಕಾಯಿಯ ರಸವೂ ಹಾಗೆಯೇ. ಎರಡೂ ಮರ ಒಂದೇ ಬಳಗದ್ದು ಎಂದು ಆಕೆ ಹೇಳಿದಾಗ ನನಗೆ ಊರವರು ಸಿಕ್ಕ ಹಾಗಾಯಿತು. ನಮ್ಮ ಸಂಡಿಗೆ ಒಣಗುವುದು ಬಿಸಿಲಿನಲ್ಲಿ. ಇದು ಗಟ್ಟಿಯಾಗುವುದು ತೇವದಲ್ಲಿ, ತೆಳುವಾಗಿ ಬಳಿದು, ತೇವದ ಗೂಡಿನಲ್ಲಿಟ್ಟು, ತೆಗೆದು, ಉಜ್ಜಿ, ಮತ್ತೆ ಬಳಿದು. ಒಳಗಿರುವ ಮರಕ್ಕೂ ತೇವ ಬೇಕು. ಒಣಗಿದರೆ ಅದು ಕುಗ್ಗುತ್ತದೆ, ಮೇಲಿನದು ಬಿರಿಯುತ್ತದೆ. ಹಾಗೆಂದು ಇನ್ನು ಮೇಲೆ ಕೆಲ್ಲರಿನಲ್ಲಿ ಇಡಬೇಡಿ, ನಿಮ್ಮ ಅದೃಷ್ಟ ಬೂಸ್ಟು ಒಳಗೆ ಹೋಗಿಲ್ಲ ಎಂದಳು. ಹಕ್ಕಿಯ ಬಿರುಕು ಮುಂದೆ ಹೋಗದ ಹಾಗೆ ನಿಲ್ಲಿಸಿಕೊಟ್ಟಳು. ಕತ್ತಿನ ಗೆರೆ ಉಳಿದಿದೆ.

ಈಗ ಎರಡೂ ಹಿಂದಿನ ಚಿಕ್ಕ ಕೋಣೆಯಲ್ಲಿ ಅಕ್ಕಪಕ್ಕ ಇವೆ. ಅಲ್ಲಿ ನಾನು ಹೈಟ್ಸುಂಗ್ ಹಚ್ಚುವುದಿಲ್ಲ, ಪಕ್ಕದಲ್ಲಿ ಒಂದು ಬಟ್ಟಲು ನೀರು ಇಟ್ಟಿರುತ್ತೇನೆ. ಪ್ರತಿ ಶನಿವಾರ ಓಮಾನನ್ನು ನೋಡಲು ಹೋಗುತ್ತೇನೆ. ಒಂದೊಂದು ದಿನ ಅವರಿಗೆ ನನ್ನ ನೆನಪೇ ಇರುವುದಿಲ್ಲ, ಪೆಟ್ಟಿಗೆಯ ನೆನಪಿರುತ್ತದೆ.

"ಆಮೆ ಹೇಗಿದೆ?"

"ಚೆನ್ನಾಗಿದೆ."

"ಎಲ್ಲಿದೆ?"

"ಮನೆಯಲ್ಲಿ."

ಆಮೆಯ ಪೆಟ್ಟಿಗೆ ಬರೆದ ಕಾಗದ ಇಡಲು ಮಾಡಿದ್ದು ಎಂದೆನಲ್ಲ. ನಮ್ಮ ಕೈಗೆ ಬಂದ ಮೇಲೆ ಅದರಲ್ಲಿ ಒಂದು ಕಾಗದವೂ ಇರಲಿಲ್ಲ. ಈ ಹಾಳೆಗಳೇ ಮೊದಲನೆಯವು, ಬರೆದು ಮುಗಿದ ಮೇಲೆ ಅದರೊಳಗೆ ಇಡುತ್ತೇನೆ. ಪೆಟ್ಟಿಗೆ ಪುಟ್ಟಿಯ ಮನೆಗೆ ಹೋಗುತ್ತದೋ ಚಿನ್ನುವಿನ ಮನೆಗೆ ಹೋಗುತ್ತದೋ ನೀವಿಬ್ಬರೇ ಮಾತಾಡಿಕೊಳ್ಳಿ, ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ. ಯಾರ ಮನೆಯಾದರೂ ಹೈಟ್ಸುಂಗ್‌ನಿಂದ ದೂರ ಇಡಿ, ಬಟ್ಟಲ ನೀರು ಆರದ ಹಾಗೆ ನೋಡಿಕೊಳ್ಳಿ, ಈ ಹಾಳೆಗಳನ್ನು ಅದರೊಳಗಿಂದ ತೆಗೆದು ಬೇರೆ ಕಡೆ ಇಡಬೇಡಿ.